ಸಿಂಧನೂರು ಸೀಮೆಯ ದಾರಿಯಲ್ಲಿ: ರಾಜಧಾನಿಯ ನಿರ್ಧಾರ, ಹೊಲದ ಬದುಕು

ರಾಜಕಾರಣವೆಂದರೆ ಮೂಗು ಮುರಿಯುವುದು ನಮ್ಮ ಗೃಹಸ್ಥರಲ್ಲಿ ಸಜ್ಜನಿಕೆಯ ಲಕ್ಷಣವೆಂದೇ ರೂಢಿಯಾಗಿದೆ. ‘ಅದು ನಮ್ಮಂಥವರಿಗಲ್ಲ, ನಮ್ಮ ಕಾಯಕ ನಮಗೆ ಸಾಕು’ ಎಂದು ಹೇಳಿ ಹಿರಿಯರು ಪತ್ರಿಕೆಯ ಮೊದಲ ಪುಟವನ್ನು ಮಡಚಿಡುತ್ತಾರೆ. ತಾಯಂದಿರು ಚುನಾವಣೆಯ ಸುದ್ದಿಯನ್ನು ಅಡುಗೆಮನೆಯಿಂದ ದೂರವೇ ಇಡುತ್ತಾರೆ. ಆದರೆ ಆ ಅಡುಗೆಮನೆಯ ಅಕ್ಕಿ, ಹೊಲದ ನೀರು, ಮಗಳ ಕಾಲೇಜಿನ ಸೀಟು, ಮಗನ ನೌಕರಿ, ಊರಿಗೆ ಬರುವ ಬಸ್ಸು ಮತ್ತು ರೈಲು, ಇವೆಲ್ಲವೂ ಯಾವುದೋ ದೂರದ ಸಭೆಯಲ್ಲಿ ಆಗುವ ನಿರ್ಧಾರಗಳಿಂದ ಬರುತ್ತವೆ ಅಥವಾ ಬಾರದೆ ಹೋಗುತ್ತವೆ. ಈ ಮಾತಿಗೆ ಕಣ್ಣಾರೆ ಕಾಣುವ ಸಾಕ್ಷಿ ಬೇಕೆಂದರೆ ರಾಯಚೂರು ಜಿಲ್ಲೆಯ ಲಿಂಗಸುಗೂರು, ಮಸ್ಕಿ, ಸಿಂಧನೂರುಗಳ ದಾರಿಯಲ್ಲಿ ಒಂದು ದಿನ ಸಂಚರಿಸಬೇಕು.

ಜೇವರ್ಗಿಯಿಂದ ಶಹಾಪುರ, ಸುರಪುರಗಳ ಮೇಲೆ ಹಾದು ಬಳ್ಳಾರಿಯ ಕಡೆಗೆ ಸಾಗುವ 150-ಎ ರಾಷ್ಟ್ರೀಯ ಹೆದ್ದಾರಿ ಈ ಮೂರು ಊರುಗಳನ್ನೂ ಒಂದೇ ದಾರದಲ್ಲಿ ಪೋಣಿಸಿದೆ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ನಡುವಣ ಈ ಎಡೆದೊರೆ ನಾಡಿಗಾಗಿ ಹಿಂದೆ ಚಾಲುಕ್ಯರೂ ಚೋಳರೂ, ಅನಂತರ ವಿಜಯನಗರದವರೂ ಬಹಮನಿ ಸುಲ್ತಾನರೂ ಮತ್ತೆ ಮತ್ತೆ ಕಾದಾಡಿದರು. ಸೈನ್ಯಗಳು ಹೋದವು, ರಾಜಧಾನಿಗಳು ಬದಲಾದವು. ಬದಲಾಗದೆ ಉಳಿದದ್ದು ಒಂದೇ: ಈ ನೆಲದ ಹಣೆಬರಹವನ್ನು ಬರೆಯುವವರು ಸದಾ ಬೇರೆಲ್ಲಿಯೋ ಕುಳಿತಿರುತ್ತಾರೆ.

ಜಿಲ್ಲೆಯ ಪಟ್ಟ ಕಳೆದುಕೊಂಡ ಊರು

ನಾವು ಮೊದಲು ತಲುಪಿದ್ದು ಲಿಂಗಸುಗೂರನ್ನು. ಇಂದು ತಾಲ್ಲೂಕು ಕೇಂದ್ರವಾಗಿರುವ ಈ ಊರು ನಿಜಾಮರ ಆಳ್ವಿಕೆಯಲ್ಲಿ ಒಂದು ಜಿಲ್ಲೆಯ ಹೆಸರಾಗಿತ್ತೆಂಬುದನ್ನು ಈಗಿನ ತಲೆಮಾರಿನವರಲ್ಲಿ ಬಲ್ಲವರು ಕಡಿಮೆ. ಹೈದರಾಬಾದ್ ಕಂಟಿಂಜೆಂಟ್ ಪಡೆಯ ದಂಡು ಇಲ್ಲಿ ಬೀಡುಬಿಟ್ಟಿತ್ತು. 1905ರಲ್ಲಿ ಹೈದರಾಬಾದಿನಿಂದ ಬಂದ ಒಂದು ಆಜ್ಞೆಯಿಂದ ಲಿಂಗಸುಗೂರು ಜಿಲ್ಲೆ ರದ್ದಾಯಿತು. ಸಿಂಧನೂರು, ಕುಷ್ಟಗಿ, ಗಂಗಾವತಿ ಮತ್ತು ಲಿಂಗಸುಗೂರು ರಾಯಚೂರಿಗೆ ಸೇರಿದವು. ಸುರಪುರ, ಶಹಾಪುರಗಳು ಕಲಬುರಗಿಗೆ ಹೋದವು. ಊರಿನ ಜನರನ್ನು ಆಗ ಯಾರೂ ಕೇಳಲಿಲ್ಲ. ಕಚೇರಿ ಎತ್ತಿಕೊಂಡು ಹೋದರೆ ಅದರ ಬೆನ್ನಿಗೆ ವ್ಯಾಪಾರವೂ ಶಾಲೆಯೂ ವಕೀಲರೂ ಹೋಗುತ್ತಾರೆ. ಊರಿನ ಏಳಿಗೆ ಒಂದು ತಲೆಮಾರಿನಷ್ಟು ಹಿಂದೆ ಬೀಳುತ್ತದೆ.

1947ರ ಆಗಸ್ಟ್ 15ರಂದು ದೇಶವೆಲ್ಲ ಧ್ವಜ ಹಾರಿಸಿದಾಗ ಈ ಸೀಮೆಯವರಿಗೆ ಆ ಭಾಗ್ಯವಿರಲಿಲ್ಲ. ಹೈದರಾಬಾದ್ ಸಂಸ್ಥಾನ ಒಕ್ಕೂಟಕ್ಕೆ ಸೇರದೆ ಉಳಿದು, ರಜಾಕಾರರ ಹಾವಳಿಯಲ್ಲಿ ಹಳ್ಳಿಗಳು ನಡುಗಿ, ಅನೇಕ ಕುಟುಂಬಗಳು ತುಂಗಭದ್ರೆಯನ್ನು ದಾಟಿ ಬಳ್ಳಾರಿಯ ಕಡೆಯಲ್ಲಿ ಆಶ್ರಯ ಪಡೆಯಬೇಕಾಯಿತು. 1948ರ ಸೆಪ್ಟೆಂಬರ್ 17ರಂದು ನಿಜಾಮರು ಶರಣಾದ ಬಳಿಕವೇ ಇಲ್ಲಿಯವರಿಗೆ ಸ್ವಾತಂತ್ರ್ಯ. ಹದಿಮೂರು ತಿಂಗಳು ತಡವಾಗಿ ಬಂದ ಆ ಸ್ವಾತಂತ್ರ್ಯದ ನೆನಪಿಗಾಗಿಯೇ ಈ ಭಾಗದಲ್ಲಿ ಸೆಪ್ಟೆಂಬರ್ 17ರಂದು ಮತ್ತೊಮ್ಮೆ ಧ್ವಜವೇರುತ್ತದೆ. ಬಳಿಕ 1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆ ಕನ್ನಡ ರಾಜ್ಯದಲ್ಲಿ ಒಂದಾಯಿತು.

ಒಂದಾದ ಮೇಲೂ ಹಿಂದುಳಿದಿರುವಿಕೆ ಹೋಗಲಿಲ್ಲ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿಯಲ್ಲಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿ, ಅವುಗಳಲ್ಲಿ 39ನ್ನು ಅತ್ಯಂತ ಹಿಂದುಳಿದವೆಂದು ಕರೆಯಿತು. ಆ 39ರಲ್ಲಿ 21 ತಾಲ್ಲೂಕುಗಳು ಈ ಕಲಬುರಗಿ ವಿಭಾಗಕ್ಕೇ ಸೇರಿದ್ದವು. ದಶಕಗಳ ಹೋರಾಟದ ಫಲವಾಗಿ ಸಂಸತ್ತು 2012ರಲ್ಲಿ ಸಂವಿಧಾನಕ್ಕೆ 98ನೆಯ ತಿದ್ದುಪಡಿಯನ್ನು ಅಂಗೀಕರಿಸಿ 371(ಜೆ) ವಿಧಿಯನ್ನು ಸೇರಿಸಿತು. 2013ರಿಂದ ಅದು ಜಾರಿಗೆ ಬಂದು, ಈ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಇಲ್ಲಿಯ ಮಕ್ಕಳಿಗೆ ಶೇ. 70ರಷ್ಟು, ರಾಜ್ಯದ ಉಳಿದೆಡೆಯ ಸಂಸ್ಥೆಗಳಲ್ಲಿ ಶೇ. 8ರಷ್ಟು ಸೀಟುಗಳು ಮೀಸಲಾದವು. ನೌಕರಿಗಳಲ್ಲಿಯೂ ಪಾಲು ದೊರೆಯಿತು. 2019ರಲ್ಲಿ ಹೈದರಾಬಾದ್ ಕರ್ನಾಟಕವೆಂಬ ಹೆಸರು ಹೋಗಿ, ಶರಣರ ಕಲ್ಯಾಣವನ್ನು ನೆನಪಿಸುವ ಕಲ್ಯಾಣ ಕರ್ನಾಟಕವೆಂಬ ಹೆಸರು ಬಂದಿತು.

ದೆಹಲಿಯಲ್ಲಿ ಆದ ಆ ತಿದ್ದುಪಡಿ ಒಂದು ಮನೆಯೊಳಗೆ ಹೇಗೆ ಬರುತ್ತದೆ? ಲಿಂಗಸುಗೂರಿನ ಸಹಾಯಕ ಆಯುಕ್ತರ ಕಚೇರಿಯಿಂದ ಸಿಗುವ ಒಂದು ಪ್ರಮಾಣಪತ್ರದ ರೂಪದಲ್ಲಿ ಬರುತ್ತದೆ. ಫಲಿತಾಂಶದ ದಿನಗಳಲ್ಲಿ ತಂದೆತಾಯಿಗಳು ಮಕ್ಕಳ ಶಾಲಾ ದಾಖಲೆಗಳನ್ನು ಹಿಡಿದು ಅದಕ್ಕಾಗಿ ಓಡಾಡುತ್ತಾರೆ. ಅದು ಸಕಾಲಕ್ಕೆ ಕೈಸೇರಿದ ಕೂಲಿಕಾರನ ಮಗಳು ವೈದ್ಯಕೀಯ ಕಾಲೇಜಿನ ಮೆಟ್ಟಿಲೇರಬಲ್ಲಳು. ಅಂಥ ಕಾಗದವೊಂದು ಉಂಟೆಂಬುದೇ ತಿಳಿಯದ ಮನೆಯಲ್ಲಿ, ಅಷ್ಟೇ ಅಂಕ ಪಡೆದ ಮಗು ಹೊಲಕ್ಕೆ ಮರಳಬಹುದು. ಕಾನೂನು ಇಬ್ಬರಿಗೂ ಒಂದೇ; ತಲುಪಿದ್ದು ಒಬ್ಬಳಿಗೆ ಮಾತ್ರ. ಈ ಅಂತರವನ್ನು ನಾವು ಆ ದಾರಿಯುದ್ದಕ್ಕೂ ಬೇರೆ ಬೇರೆ ರೂಪಗಳಲ್ಲಿ ಕಂಡೆವು.

ಲಿಂಗಸುಗೂರು ತಾಲ್ಲೂಕಿನಲ್ಲಿಯೇ ಹಟ್ಟಿ ಚಿನ್ನದ ಗಣಿ ಇದೆ. 1947ರಲ್ಲಿ ಕಂಪನಿಯಾಗಿ ರೂಪುಗೊಂಡು, ಇಂದು ರಾಜ್ಯ ಸರ್ಕಾರದ ಉದ್ದಿಮೆಯಾಗಿ ನಡೆಯುತ್ತಿರುವ ಈ ಗಣಿ, 2001ರಲ್ಲಿ ಕೋಲಾರದ ಗಣಿಗಳು ಮುಚ್ಚಿದ ಮೇಲೆ ದೇಶದ ಪ್ರಮುಖ ಚಿನ್ನದ ಗಣಿಯಾಗಿ ಉಳಿಯಿತು. ನೆಲದೊಳಗೆ ಚಿನ್ನವಿರುವ ಇದೇ ತಾಲ್ಲೂಕಿನ ಮಳೆಯಾಶ್ರಿತ ಹಳ್ಳಿಗಳಿಂದ ಜನರು ಬೇಸಿಗೆಯಲ್ಲಿ ಬೆಂಗಳೂರು, ಪುಣೆಗಳಿಗೆ ಗುಳೆ ಹೋಗುತ್ತಾರೆ. ಗುಳೆಯನ್ನು ತಡೆಯಲೆಂದು ಬಂದ 2005ರ ಉದ್ಯೋಗ ಖಾತರಿ ಕಾಯಿದೆ ಜಾರಿಯಾದ ಮೊದಲ ಹಂತದ ಜಿಲ್ಲೆಗಳಲ್ಲಿ ರಾಯಚೂರೂ ಒಂದು. ವರ್ಷಕ್ಕೆ 100 ದಿನಗಳ ಕೆಲಸದ ಹಕ್ಕು ಎಷ್ಟೋ ಮನೆಗಳ ಮುದುಕರನ್ನೂ ಮಕ್ಕಳನ್ನೂ ಊರಿನಲ್ಲಿಯೇ ಉಳಿಸಿತು. 2025ರ ಡಿಸೆಂಬರಿನಲ್ಲಿ ಸಂಸತ್ತು ಅದರ ಸ್ಥಾನದಲ್ಲಿ ಹೊಸ ಕಾಯಿದೆಯನ್ನು ತಂದು ದಿನಗಳನ್ನು 125ಕ್ಕೆ ಏರಿಸಿತು, ರಾಜ್ಯಗಳು ಹೊರಬೇಕಾದ ವೆಚ್ಚವನ್ನೂ ಹೆಚ್ಚಿಸಿತು. ದೆಹಲಿ ಮತ್ತು ಬೆಂಗಳೂರಿನ ನಡುವಣ ಈ ಲೆಕ್ಕಾಚಾರದ ಕೊನೆಯ ಸಾಲನ್ನು ಓದುವವಳು ಬುಟ್ಟಿ ಹೊತ್ತು ನಿಂತಿರುವ ತಾಯಿ.

ಅಶೋಕನ ಹೆಸರು ಸಿಕ್ಕ ಬಂಡೆ

ಲಿಂಗಸುಗೂರಿನಿಂದ ದಕ್ಷಿಣಕ್ಕೆ ಸುಮಾರು 30 ಕಿಲೋಮೀಟರ್ ಸಾಗಿದರೆ ಮಸ್ಕಿ. ಊರಿಗೆ ತಾಗಿದ ಬೆಟ್ಟದ ಮೇಲೆ ಮಲ್ಲಿಕಾರ್ಜುನನ ಗುಡಿ. ಸುತ್ತಲಿನ ಭಕ್ತರಿಗೆ ಇದು ಎರಡನೆಯ ಶ್ರೀಶೈಲ. ಅದೇ ಬೆಟ್ಟದ ಸಾಲಿನ ಒಂದು ಬಂಡೆಯ ಮೇಲೆ ಚಕ್ರವರ್ತಿ ಅಶೋಕನ ಕಿರುಶಾಸನವಿದೆ.

1915ರಲ್ಲಿ ಸಿ. ಬೀಡನ್ ಎಂಬ ಗಣಿ ಎಂಜಿನಿಯರು ಚಿನ್ನದ ಅದಿರನ್ನು ಹುಡುಕುತ್ತ ಬಂದು ಈ ಬರಹವನ್ನು ಕಂಡನು. ಅದನ್ನು ಪರಿಶೀಲಿಸಿ ಪ್ರಕಟಿಸಿದವರು ನಮ್ಮ ವಿದ್ವಾಂಸರಾದ ಎಚ್. ಕೃಷ್ಣಶಾಸ್ತ್ರಿಗಳು. ಅಲ್ಲಿಯವರೆಗೆ ದೇಶದಾದ್ಯಂತ ದೊರೆತ ಶಾಸನಗಳಲ್ಲಿ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳಿದ್ದವೇ ಹೊರತು ಅರಸನ ಹೆಸರಿರಲಿಲ್ಲ. ಮಸ್ಕಿಯ ಬಂಡೆಯಲ್ಲಿ ಬ್ರಾಹ್ಮಿ ಲಿಪಿಯಲ್ಲಿ, ಪ್ರಾಕೃತ ಭಾಷೆಯಲ್ಲಿ ಅಶೋಕನೆಂಬ ಹೆಸರು ಸ್ಪಷ್ಟವಾಗಿ ಕಂಡಿತು. ದೇವಾನಾಂಪ್ರಿಯನೇ ಅಶೋಕನೆಂದು ಲೋಕಕ್ಕೆ ಖಚಿತವಾದದ್ದು ಈ ಕನ್ನಡ ನೆಲದಿಂದ. ಬಳಿಕ ಮಧ್ಯಪ್ರದೇಶದ ಗುಜರ್ರಾ, ಬಳ್ಳಾರಿ ಜಿಲ್ಲೆಯ ನಿಟ್ಟೂರು ಮತ್ತು ಉಡೆಗೋಳಗಳಲ್ಲಿಯೂ ಆ ಹೆಸರುಳ್ಳ ಶಾಸನಗಳು ದೊರೆತವು.

ಬಂಡೆಯ ಮುಂದೆ ನಿಂತಾಗ ನಮ್ಮ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ಹೆಸರಿಗಿಂತಲೂ ಅದರ ಆಶಯ. ಧರ್ಮದಲ್ಲಿ ತೊಡಗಿದರೆ ಅಲ್ಪನಾದವನೂ ಉನ್ನತವಾದ ಗುರಿಯನ್ನು ಮುಟ್ಟಬಲ್ಲನು, ದೊಡ್ಡವರಿಗೆ ಮಾತ್ರ ಅದು ಮೀಸಲೆಂದು ತಿಳಿಯಬಾರದು ಎಂಬುದು ಅದರ ಸಾರ. ಪಾಟಲೀಪುತ್ರದಲ್ಲಿದ್ದ ದೊರೆಯೊಬ್ಬನು ನೂರಾರು ಗಾವುದ ದೂರದ ಒಂದು ಹಳ್ಳಿಯ ಸಾಮಾನ್ಯನಿಗೆ ತನ್ನ ಮಾತು ಮುಟ್ಟಬೇಕೆಂದು ಬಯಸಿ, ಅವನ ದಾರಿಯ ಬಂಡೆಯ ಮೇಲೆ ಬರೆಸಿದನು. ಇಪ್ಪತ್ತೆರಡು ಶತಮಾನಗಳಿಗೂ ಹಿಂದಿನ ಈ ಬರಹವನ್ನು ಇಂದಿನ ಆಡಳಿತಕ್ಕೆ ಹಿಡಿದ ಅಳತೆಗೋಲೆಂದು ಭಾವಿಸಬಹುದು. ಆಳುವವನ ಮಾತು ಆಳಿಸಿಕೊಳ್ಳುವವನಿಗೆ ಮುಟ್ಟಿತೇ? ಮುಟ್ಟಿದ ಮಾತು ಅವನನ್ನು ಮೇಲೆತ್ತಿತೇ?

ಖಾಲಿ ಉಳಿದ ಕುರ್ಚಿ

ಮಸ್ಕಿ ವಿಧಾನಸಭಾ ಕ್ಷೇತ್ರವಾದದ್ದು 2008ರಲ್ಲಿ. ಲಿಂಗಸುಗೂರು, ಸಿಂಧನೂರು ಮತ್ತು ಮಾನ್ವಿಗಳ ಹಳ್ಳಿಗಳನ್ನು ಕೂಡಿಸಿ ತಾಲ್ಲೂಕಾದದ್ದು ಅದಾಗಿ ಸುಮಾರು ಹತ್ತು ವರ್ಷಗಳ ಮೇಲೆ. ಒಂದು ಪಹಣಿಗಾಗಿ, ಒಂದು ಪಿಂಚಣಿಯ ಅರ್ಜಿಗಾಗಿ ದೂರದ ಊರಿಗೆ ಹೋಗಿ ದಿನಗೂಲಿ ಕಳೆದುಕೊಳ್ಳುತ್ತಿದ್ದವರಿಗೆ ಕಚೇರಿ ಹತ್ತಿರವಾಯಿತು. ರಾಜಕಾರಣ ಕೊಟ್ಟ ಕೊಡುಗೆಗಳಲ್ಲಿ ಇದನ್ನು ಎಣಿಸದಿದ್ದರೆ ನ್ಯಾಯವಾಗದು.

ಅದೇ ರಾಜಕಾರಣ ಕಸಿದುಕೊಂಡದ್ದನ್ನೂ ಹೇಳಬೇಕು. 2018ರ ಚುನಾವಣೆಯಲ್ಲಿ ಇಲ್ಲಿ ಗೆಲುವಿನ ಅಂತರ ಕೇವಲ 213 ಮತಗಳು. ಮರುವರ್ಷ ರಾಜ್ಯ ಸರ್ಕಾರವನ್ನು ಉರುಳಿಸಿದ ರಾಜೀನಾಮೆಗಳ ಸರಣಿಯಲ್ಲಿ ಇಲ್ಲಿಯ ಶಾಸಕರೂ ಸೇರಿದರು. 2019ರ ಜುಲೈ 28ರಂದು ವಿಧಾನಸಭಾಧ್ಯಕ್ಷರು ಅವರನ್ನು ಅನರ್ಹಗೊಳಿಸಿದರು. ಆ ವರ್ಷದ ಡಿಸೆಂಬರಿನಲ್ಲಿ ಹದಿನೈದು ಕ್ಷೇತ್ರಗಳಿಗೆ ಉಪಚುನಾವಣೆ ನಡೆದರೂ, 2018ರ ಫಲಿತಾಂಶದ ತಕರಾರು ನ್ಯಾಯಾಲಯದಲ್ಲಿ ಇದ್ದುದರಿಂದ ಮಸ್ಕಿಗೆ ನಡೆಯಲಿಲ್ಲ. ಮತದಾನವಾದದ್ದು 2021ರ ಏಪ್ರಿಲ್ 17ರಂದು, ಕೊರೊನಾದ ಎರಡನೆಯ ಅಲೆ ಏರುತ್ತಿದ್ದ ದಿನಗಳಲ್ಲಿ. ಫಲಿತಾಂಶ ಬಂದದ್ದು ಮೇ 2ರಂದು. ಕಣದಲ್ಲಿದ್ದ ಪ್ರಮುಖರು 2018ರ ಅದೇ ಇಬ್ಬರು; ಪಕ್ಷಗಳು ಮಾತ್ರ ಅದಲುಬದಲಾಗಿದ್ದವು. ಈ ಸಲದ ಅಂತರ 30,000 ಮತಗಳನ್ನು ಮೀರಿತ್ತು.

ಇಪ್ಪತ್ತೊಂದು ತಿಂಗಳ ಕಾಲ ವಿಧಾನಸಭೆಯಲ್ಲಿ ಮಸ್ಕಿಯ ಕುರ್ಚಿ ಖಾಲಿಯಾಗಿತ್ತು. ಆ ಅವಧಿಯಲ್ಲಿಯೇ ಊರುಗಳು ಲಾಕ್‌ಡೌನನ್ನು ಕಂಡವು, ಗುಳೆ ಹೋದವರು ಸಂಕಟದಿಂದ ಮರಳಿದರು. ಆ ಅವಧಿಯಲ್ಲಿಯೇ, 2020ರ ನವೆಂಬರಿನಿಂದ, ಪಾಮನಕಲ್ಲೂರಿನಲ್ಲಿ ರೈತರು ಧರಣಿ ಕುಳಿತರು. ಕೃಷ್ಣೆಗೆ ಕಟ್ಟಿದ ನಾರಾಯಣಪುರದ ಬಸವಸಾಗರದ ಬಲದಂಡೆ ಕಾಲುವೆಯಿಂದ 5-ಎ ಉಪಕಾಲುವೆ ತೆಗೆದು ತಮ್ಮ ಹೊಲಗಳಿಗೆ ಹರಿನೀರು ಕೊಡಬೇಕೆಂಬುದು ಅವರ ಬೇಡಿಕೆ. ನಂದವಾಡಗಿ ಏತ ನೀರಾವರಿಯಿಂದ ನೀರು ಸಿಗುವುದೆಂದು ಸರ್ಕಾರ ಹೇಳಿತು, ರೈತರು ಒಪ್ಪಲಿಲ್ಲ. ಉಪಚುನಾವಣೆ ಘೋಷಣೆಯಾದ ಕೂಡಲೇ ಅದುವರೆಗೆ ಕೇಳಿಸದಿದ್ದ ಆ ಕೂಗು ಎಲ್ಲ ಪಕ್ಷಗಳ ವೇದಿಕೆಗಳಲ್ಲಿಯೂ ಮಾರ್ದನಿಗೊಂಡಿತು. ಮತಪೆಟ್ಟಿಗೆ ಹತ್ತಿರ ಬಂದಾಗ ಮಾತ್ರ ರಾಜಧಾನಿಯ ಕಿವಿ ತೆರೆಯುವುದಾದರೆ, ಉಳಿದ ವರ್ಷಗಳಲ್ಲಿ ಅದನ್ನು ತೆರೆಯಿಸುವ ಹೊಣೆ ಯಾರದು? ಮಸ್ಕಿಯಿಂದ ಮುಂದಕ್ಕೆ ಹೊರಟಾಗ ಈ ಪ್ರಶ್ನೆ ನಮ್ಮ ಜೊತೆಯಲ್ಲಿಯೇ ಬಂದಿತು.

ಎರಡು ದಡಗಳ ಎರಡು ಅಡಿಗಲ್ಲು

ಮಸ್ಕಿಯಿಂದ ಸಿಂಧನೂರಿನ ಕಡೆಗೆ ಬರುತ್ತಿದ್ದಂತೆ ನೆಲದ ನೋಟವೇ ಬದಲಾಗುತ್ತದೆ. ಜೋಳ, ತೊಗರಿ, ಹತ್ತಿಯ ಹೊಲಗಳು ಹಿಂದುಳಿದು ನೆಲ್ಲಿನ ಗದ್ದೆಗಳು ಎದುರಾಗುತ್ತವೆ. ರಸ್ತೆಯ ಬದಿಗೆ ಅಕ್ಕಿ ಗಿರಣಿಗಳು, ಟ್ರ್ಯಾಕ್ಟರಿನ ಅಂಗಡಿಗಳು, ಗೊಬ್ಬರದ ಮಳಿಗೆಗಳು. ಇವೆಲ್ಲವೂ ತುಂಗಭದ್ರಾ ಎಡದಂಡೆ ಕಾಲುವೆಯ ಮಕ್ಕಳು.

ಆ ಅಣೆಕಟ್ಟಿನ ಕಥೆಯೇ ಎರಡು ಸರ್ಕಾರಗಳ ಕಥೆ. ನದಿಯ ಒಂದು ದಡ ಬ್ರಿಟಿಷರ ಮದ್ರಾಸ್ ಪ್ರಾಂತ್ಯದ್ದು, ಇನ್ನೊಂದು ದಡ ನಿಜಾಮರದ್ದು. 1944ರಲ್ಲಿ ಒಪ್ಪಂದವಾಗಿ, 1945ರ ಫೆಬ್ರುವರಿ 28ರಂದು ಅಡಿಗಲ್ಲಿಟ್ಟಾಗ ಒಂದು ದಡದಲ್ಲಿ ಮದ್ರಾಸಿನ ಗವರ್ನರರು, ಇನ್ನೊಂದು ದಡದಲ್ಲಿ ಹೈದರಾಬಾದಿನ ಯುವರಾಜರು ನಿಂತಿದ್ದರು. ಕಟ್ಟಡ ನಡೆಯುತ್ತಿರುವಾಗಲೇ ದೇಶ ಸ್ವತಂತ್ರವಾಯಿತು, ನಿಜಾಮಶಾಹಿ ಅಳಿಯಿತು. 1953ರಲ್ಲಿ ನೀರು ಹರಿಯುವ ಹೊತ್ತಿಗೆ ಆಂಧ್ರ ರಾಜ್ಯ ಹುಟ್ಟಿ, ಬಳ್ಳಾರಿ ಮೈಸೂರಿಗೆ ಸೇರಿತು. ಜಲಾಶಯ ಒಂದೇ, ಒಡೆಯರು ಹಲವರು ಎಂಬಂತಾಗಿ ತುಂಗಭದ್ರಾ ಮಂಡಳಿ ರಚನೆಯಾಯಿತು. ಇಂದು ಕರ್ನಾಟಕ, ಆಂಧ್ರ, ತೆಲಂಗಾಣ ಮೂರೂ ರಾಜ್ಯಗಳು ಅದರ ಪಾಲುದಾರರು.

ಎಡದಂಡೆ ಕಾಲುವೆ 227 ಕಿಲೋಮೀಟರ್ ಉದ್ದ. ಅಚ್ಚುಕಟ್ಟು ಸುಮಾರು 6 ಲಕ್ಷ ಎಕರೆ. ಬರಗಾಲದಿಂದ ಬಳಲಿದ ಸೀಮೆಯನ್ನು ಕಾಪಾಡುವುದಕ್ಕಾಗಿ, ಸ್ವಲ್ಪ ನೀರನ್ನು ಹೆಚ್ಚು ಜನರಿಗೆ ಹಂಚಬೇಕೆಂಬುದು ಮೂಲ ಯೋಜನೆ. ಹೆಚ್ಚಿನ ಭೂಮಿಯಲ್ಲಿ ಜೋಳ, ಹತ್ತಿ, ಶೇಂಗಾಗಳಂಥ ಅರೆ ನೀರಾವರಿ ಬೆಳೆ. ಅಲ್ಪ ಭಾಗದಲ್ಲಿ ಮಾತ್ರ ನೆಲ್ಲು. ಆದರೆ ನಡೆದದ್ದು ಬೇರೆ. ಕರಾವಳಿ ಆಂಧ್ರದಿಂದ ನೆಲ್ಲಿನ ಕೃಷಿ ಬಲ್ಲ ಕುಟುಂಬಗಳು ಬಂದು ಭೂಮಿ ಕೊಂಡು, ಕಾಡು ಕಡಿದು, ಮಡಿ ಕಟ್ಟಿ ಕ್ಯಾಂಪುಗಳಲ್ಲಿ ನೆಲೆಸಿದವು. ಅವರ ದುಡಿಮೆ ಮೆಚ್ಚತಕ್ಕದ್ದು. ಅವರಿಂದ ನಮ್ಮ ರೈತರೂ ಕಲಿತರು. ನೆಲ್ಲಿನಲ್ಲಿ ಆದಾಯ ಕಂಡ ಮೇಲೆ ಮೇಲ್ಭಾಗದವರೆಲ್ಲ ನೆಲ್ಲನ್ನೇ ಹಚ್ಚಿದರು. ಬೆಳೆ ಪದ್ಧತಿಯ ನಿಯಮ ಕಡತದಲ್ಲಿ ಉಳಿಯಿತು. ಅದನ್ನು ಜಾರಿಗೆ ತರುವ ಧೈರ್ಯ ಯಾವ ಸರ್ಕಾರಕ್ಕೂ ಬರಲಿಲ್ಲ, ಏಕೆಂದರೆ ಮೇಲ್ಭಾಗದಲ್ಲಿ ಮತಗಳೂ ಉಂಟು, ಹಣವೂ ಉಂಟು.

ಕೊನೆಭಾಗದವರ ಕಾಯುವಿಕೆ

ಇದರ ಫಲವನ್ನು ಉಣ್ಣುವವರು ಕೊನೆಭಾಗದ ರೈತರು. ಮಾನ್ವಿ, ಸಿರವಾರ, ರಾಯಚೂರಿನ ಕಡೆಯ ಹಳ್ಳಿಗಳಿಗೆ ನೀರು ಬರಬೇಕಾದರೆ ಕಾಲುವೆಯ 104ನೆಯ ಮೈಲಿನ ಬಳಿ ಸಾಕಷ್ಟು ಗೇಜು ಇರಬೇಕು. ಅದು ಇಳಿದರೆ ಅವರ ಪೈರು ಬಾಡುತ್ತದೆ. ಮೇಲ್ಭಾಗದಲ್ಲಿ ಪಂಪುಸೆಟ್ಟು ಹಚ್ಚಿ ನೀರೆತ್ತುವುದನ್ನು ತಡೆಯಲು ಕಾಲುವೆಯುದ್ದಕ್ಕೂ ನಿಷೇಧಾಜ್ಞೆ ಹಾಕಿ ಪೊಲೀಸರನ್ನು ನಿಲ್ಲಿಸಿದ ವರ್ಷಗಳಿವೆ. ಅಣ್ಣತಮ್ಮಂದಿರಂತೆ ಇರಬೇಕಾದ ಊರುಗಳ ನಡುವೆ ಆ ದಿನಗಳಲ್ಲಿ ಮಾತೂ ನಿಲ್ಲುತ್ತದೆ. ನೀರನ್ನು ಯಾವಾಗ ಬಿಡಬೇಕು, ಎಷ್ಟು ದಿನ ಬಿಡಬೇಕೆಂದು ತೀರ್ಮಾನಿಸುವ ನೀರಾವರಿ ಸಲಹಾ ಸಮಿತಿಗೆ ಇಲ್ಲಿಯವರು ‘ಐಸಿಸಿ ಸಭೆ’ ಎನ್ನುತ್ತಾರೆ. ಆ ಸಭೆಯ ದಿನ ಸಿಂಧನೂರು ಸೀಮೆಯ ಮನೆಗಳಲ್ಲಿ ಇರುವ ಕಾತರ ಪರೀಕ್ಷೆಯ ಫಲಿತಾಂಶದ ದಿನಕ್ಕಿಂತ ಕಡಿಮೆಯದಲ್ಲ. ಮದುವೆಯ ಮುಹೂರ್ತ, ಸಾಲದ ಕಂತು, ಗದ್ದೆಯ ಗುತ್ತಿಗೆ, ಎಲ್ಲವೂ ಎರಡನೆಯ ಬೆಳೆಗೆ ನೀರು ಉಂಟೋ ಇಲ್ಲವೋ ಎಂಬುದರ ಮೇಲೆ ನಿಂತಿರುತ್ತವೆ.

ಅಣೆಕಟ್ಟಿಗೂ ವಯಸ್ಸಾಗಿದೆ. ಸುಮಾರು 133 ಟಿಎಂಸಿ ನೀರು ಹಿಡಿಯುತ್ತಿದ್ದ ಜಲಾಶಯದ ಸಾಮರ್ಥ್ಯ ಹೂಳಿನಿಂದಾಗಿ 105.78 ಟಿಎಂಸಿಗೆ ಇಳಿದಿದೆ. ಕಳೆದುಹೋದ ನೀರನ್ನು ಹಿಡಿದಿಡಲು ಕೊಪ್ಪಳ ಜಿಲ್ಲೆಯ ನವಲಿಯ ಬಳಿ ಸಮಾನಾಂತರ ಜಲಾಶಯ ಕಟ್ಟುವ ಪ್ರಸ್ತಾವ ಬಂದು ವರ್ಷಗಳಾದವು. ಅದಕ್ಕೆ ನೆರೆಯ ರಾಜ್ಯಗಳ ಒಪ್ಪಿಗೆಯೂ ಬೇಕು. ಹೀಗಿರುವಾಗ 2024ರ ಆಗಸ್ಟ್ 10ರ ರಾತ್ರಿ 33 ಗೇಟುಗಳಲ್ಲಿ 19ನೆಯದು ಸರಪಳಿ ಕಡಿದು ಕೊಚ್ಚಿಹೋಯಿತು. ತುಂಬಿದ ಜಲಾಶಯದ ನೀರು ಕಣ್ಣೆದುರೇ ಹರಿದುಹೋಗುತ್ತಿದ್ದ ಆ ವಾರ, ಸೀಮೆಯ ರೈತರಿಗೆ ನಿದ್ರೆಯಿರಲಿಲ್ಲ. ತಜ್ಞರೂ ಕಾರ್ಮಿಕರೂ ಹರಿಯುವ ನೀರಿನಲ್ಲಿಯೇ ತಡೆಗೇಟನ್ನು ಇಳಿಸಿ ಪವಾಡದಂತಹ ಕೆಲಸ ಮಾಡಿದರು. ಮಳೆರಾಯನೂ ಕೃಪೆದೋರಿ ಜಲಾಶಯವನ್ನು ಮತ್ತೆ ತುಂಬಿಸಿದನು.

ಆದರೆ ಎಚ್ಚರಿಕೆಯ ಗಂಟೆ ಬಾರಿಸಿದ ಮೇಲೂ ಹೊಸ ಗೇಟುಗಳು ಮುಂದಿನ ಮುಂಗಾರಿನೊಳಗೆ ಬರಲಿಲ್ಲ. 2025ರಲ್ಲಿ ಒಳ್ಳೆಯ ಮಳೆಯಾದರೂ ಅಪಾಯ ಬೇಡವೆಂದು ಜಲಾಶಯದಲ್ಲಿ 80 ಟಿಎಂಸಿ ಮಾತ್ರ ಹಿಡಿಯಲಾಯಿತು. ಎಲ್ಲ ಗೇಟುಗಳನ್ನು ಬದಲಿಸಲೆಂದು 2025-26ರ ಎರಡನೆಯ ಬೆಳೆಗೆ ನೀರಿಲ್ಲವೆಂದು ಆ ವರ್ಷದ ನವೆಂಬರಿನಲ್ಲಿ ತೀರ್ಮಾನವಾಯಿತು. ರೈತರು ಎಕರೆಗೆ 25,000 ರೂಪಾಯಿ ಪರಿಹಾರ ಕೇಳಿದರು. ಗೇಟು ಬದಲಿಸುವುದು ಅಗತ್ಯವೆಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಎಪ್ಪತ್ತು ವರ್ಷಗಳ ಹಳೆಯ ಗೇಟನ್ನು ಸಕಾಲದಲ್ಲಿ ಬದಲಿಸದ ಮೂರು ರಾಜ್ಯಗಳ ಸಾವಧಾನದ ಬೆಲೆಯನ್ನು ತೆತ್ತವರು ಗುತ್ತಿಗೆಗೆ ಗದ್ದೆ ಹಿಡಿದ ರೈತರು, ನಾಟಿಯ ಕೂಲಿಯನ್ನೇ ನಂಬಿದ ಹೆಣ್ಣುಮಕ್ಕಳು, ಹೊಟ್ಟಿನ ಮೇವಿಲ್ಲದ ದನಗಳು. ಭೂಮಿಯ ಒಡೆಯನಿಗಾದರೂ ಪರಿಹಾರ ಕೇಳಲು ಪಹಣಿಯುಂಟು. ನಾಟಿಯ ಕೂಲಿ ತಪ್ಪಿದವಳಿಗೆ ತೋರಿಸಲು ಯಾವ ಕಾಗದವುಂಟು?

ಅಕ್ಕಿಯ ಲೆಕ್ಕ

ನೀರು ಬಂದು ಬೆಳೆ ಕೈಸೇರಿದರೂ ಅದರ ಬೆಲೆ ಸಿಂಧನೂರಿನಲ್ಲಿ ತೀರ್ಮಾನವಾಗುವುದಿಲ್ಲ. ಇಲ್ಲಿಯ ಸೋನಾ ಮಸೂರಿ ದೇಶವಿದೇಶಗಳಿಗೆ ಹೋಗುವ ಅಕ್ಕಿ. 2023ರ ಜುಲೈ 20ರಂದು ಕೇಂದ್ರ ಸರ್ಕಾರ ಬಾಸ್ಮತಿಯಲ್ಲದ ಬಿಳಿಯ ಅಕ್ಕಿಯ ರಫ್ತನ್ನು ನಿಷೇಧಿಸಿತು. 2024ರ ಸೆಪ್ಟೆಂಬರ್ 28ರಂದು ತೆರವುಗೊಳಿಸಿತು. ಪಟ್ಟಣದ ಮನೆಗಳಿಗೆ ಅಕ್ಕಿ ದುಬಾರಿಯಾಗಬಾರದೆಂಬುದು ಅದರ ಉದ್ದೇಶ. ಆದರೆ 75 ಕಿಲೋದ ಚೀಲದ ಮೇಲೆ ಲಾಭನಷ್ಟವನ್ನು ಎಣಿಸುವ ರೈತನಿಗೆ, ಪರದೇಶದ ಕೊಳ್ಳುಗನ ಬಾಗಿಲು ಮುಚ್ಚಿದರೆ ಅದು ತನ್ನ ಕಣದ ಬಾಗಿಲು ಮುಚ್ಚಿದಂತೆಯೇ.

ಅದೇ 2023ರ ಜೂನಿನಲ್ಲಿ ಮತ್ತೊಂದು ವಿಚಿತ್ರ ನಡೆಯಿತು. ಅನ್ನಭಾಗ್ಯದಲ್ಲಿ ತಲಾ 10 ಕಿಲೋ ಅಕ್ಕಿ ಕೊಡುವೆವೆಂದು ಹೇಳಿದ್ದ ರಾಜ್ಯ ಸರ್ಕಾರ ತಿಂಗಳಿಗೆ 2.28 ಲಕ್ಷ ಟನ್ ಅಕ್ಕಿಯನ್ನು ಕೇಂದ್ರದ ಉಗ್ರಾಣದಿಂದ ಕೊಳ್ಳಲು ಬಯಸಿತು. ಕೇಂದ್ರವು ರಾಜ್ಯಗಳಿಗೆ ಆ ಮಾರಾಟವನ್ನೇ ನಿಲ್ಲಿಸಿತು. ಐದು ಕಿಲೋ ಅಕ್ಕಿಯ ಬದಲಿಗೆ ತಲಾ 170 ರೂಪಾಯಿ ಖಾತೆಗೆ ಬರತೊಡಗಿತು. 2025ರ ಫೆಬ್ರುವರಿಯಿಂದ ಹಣದ ಬದಲು ಅಕ್ಕಿಯೇ ಬಂದಿತು. ಅಕ್ಕಿ ಬೆಳೆಯುವ ಸೀಮೆಯ ಕೂಲಿಕಾರಳು ನ್ಯಾಯಬೆಲೆ ಅಂಗಡಿಯ ಮುಂದೆ ನಿಂತು, ದೆಹಲಿ ಬೆಂಗಳೂರುಗಳ ಜಗಳ ಮುಗಿಯುವುದನ್ನು ಕಾಯಬೇಕಾಯಿತು.

ಅದೇ ವರ್ಷ ಮಳೆ ಕೈಕೊಟ್ಟು, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ರಾಜ್ಯ ಕೇಳಿದ್ದು 18,171 ಕೋಟಿ ರೂಪಾಯಿ. ನೆರವು ಬಾರದೆ ರಾಜ್ಯವು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದ ಬಳಿಕ 2024ರ ಏಪ್ರಿಲಿನಲ್ಲಿ ಕೇಂದ್ರದಿಂದ ಸುಮಾರು 3,454 ಕೋಟಿ ಬಿಡುಗಡೆಯಾಯಿತು. ಯಾರದು ಸರಿ, ಯಾರದು ತಪ್ಪು ಎಂಬ ಚರ್ಚೆ ಪಕ್ಷಗಳಿಗಿರಲಿ. ಮುಂಗಾರಿನಲ್ಲಿ ಒಣಗಿದ ಪೈರಿಗೆ ಮರುವರ್ಷದ ಬೇಸಿಗೆಯಲ್ಲಿ ಬರುವ ಪರಿಹಾರವು ಅಷ್ಟರೊಳಗೆ ಬಡ್ಡಿಯ ಪಾಲಾಗಿರುತ್ತದೆಂಬುದನ್ನು ಮಾತ್ರ ಎರಡೂ ಕಡೆಯವರು ಅರಿಯಬೇಕು.

ಕ್ಯಾಂಪಿನ ಕಾಗದ

ಸಿಂಧನೂರಿನ ಹೊರವಲಯದಲ್ಲಿ ಆರ್.ಎಚ್. ಕ್ಯಾಂಪುಗಳೆಂಬ ಊರುಗಳಿವೆ. ಅಲ್ಲಿ ನುಡಿ ಬಂಗಾಳಿ, ಶರದೃತುವಿನಲ್ಲಿ ದುರ್ಗೆಯ ಪೂಜೆ, ಮನೆಯ ಸುತ್ತ ಬಾಳೆ ಮತ್ತು ಕೊಳ. ಪೂರ್ವ ಬಂಗಾಳವನ್ನು ತೊರೆದು ಬಂದ ಹಿಂದೂ ನಿರಾಶ್ರಿತರನ್ನು 1970ರ ದಶಕದ ಆರಂಭದಲ್ಲಿ ಸರ್ಕಾರವೇ ಕರೆತಂದು, ಹೊಲಮನೆ ಕೊಟ್ಟು ಇಲ್ಲಿ ನೆಲೆಗೊಳಿಸಿತು. ದೇಶ ಒಡೆದವರು ಯಾರೋ, ಗಡಿ ಗೆರೆ ಎಳೆದವರು ಯಾರೋ. ಗಂಗೆಯ ಮುಖಜ ಭೂಮಿಯ ಮೀನುಗಾರನೂ ರೈತನೂ ತುಂಗಭದ್ರೆಯ ಎರೆನೆಲದಲ್ಲಿ ಹೊಸ ಬದುಕು ಕಟ್ಟಬೇಕಾಯಿತು. ಅವರು ಕಟ್ಟಿದರು. ಮಕ್ಕಳು ಕನ್ನಡ ಶಾಲೆಯಲ್ಲಿ ಓದಿದರು.

ಆದರೆ ಪೌರತ್ವದ ಪ್ರಶ್ನೆ ಅವರನ್ನು ಬಿಡಲಿಲ್ಲ. 1987ರ ಜುಲೈ 1ಕ್ಕೆ ಮೊದಲು ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪೌರರು. ಬಳಿಕ ಹುಟ್ಟಿದವರಿಗೆ ತಂದೆತಾಯಿಗಳಲ್ಲಿ ಒಬ್ಬರಾದರೂ ಪೌರರಾಗಿರಬೇಕು. 2004ರ ಡಿಸೆಂಬರಿನಿಂದ ಜಾರಿಗೆ ಬಂದ ತಿದ್ದುಪಡಿ ಇನ್ನೂ ಕಠಿಣ. ಹೀಗಾಗಿ ಒಂದೇ ಸೂರಿನಡಿ ಅಜ್ಜ, ಮಗ, ಮೊಮ್ಮಗರ ಸ್ಥಿತಿ ಕಾನೂನಿನ ಕಣ್ಣಿಗೆ ಬೇರೆ ಬೇರೆ ಆಗಬಹುದು. 2019ರಲ್ಲಿ ಪೌರತ್ವ ತಿದ್ದುಪಡಿ ಕಾಯಿದೆ ಬಂದಿತು. ದೇಶದ ತುಂಬ ಅದರ ಪರ ವಿರೋಧವಾಗಿ ಸಭೆ ಮೆರವಣಿಗೆಗಳಾದವು. ನಿಯಮಗಳು ಪ್ರಕಟವಾದದ್ದು 2024ರ ಮಾರ್ಚ್ 11ರಂದು. ಆ ವರ್ಷ ಈ ಕ್ಯಾಂಪುಗಳ ಐವರಿಗೆ ಪ್ರಮಾಣಪತ್ರ ದೊರೆಯಿತು. ಕಾಯಿದೆಯ ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ, ಅರ್ಧ ಶತಮಾನ ಉತ್ತ ನೆಲ ತನ್ನದೆಂದು ಹೇಳಿಕೊಳ್ಳಲು ಒಂದು ಕಾಗದಕ್ಕಾಗಿ ಕಾಯ್ದ ಮುಪ್ಪಿನ ಜೀವಗಳನ್ನು ನೆನೆದಾಗ ನಮ್ಮ ಮನಸ್ಸು ಭಾರವಾಯಿತು.

ಕಾಯುವಿಕೆ ಈ ಸೀಮೆಗೆ ಹೊಸದೇನಲ್ಲ. ಮುನಿರಾಬಾದಿನಿಂದ ಮೆಹಬೂಬನಗರಕ್ಕೆ ರೈಲುಮಾರ್ಗ ಮಂಜೂರಾದದ್ದು 1997-98ರಲ್ಲಿ. ಅದು ಗಂಗಾವತಿ, ಕಾರಟಗಿಗಳನ್ನು ದಾಟಿ ಸಿಂಧನೂರನ್ನು ಮುಟ್ಟಿದ್ದು 2024ರ ಮಾರ್ಚಿನಲ್ಲಿ. ಮಂಜೂರಾತಿಯ ವರ್ಷ ಹುಟ್ಟಿದ ಕೂಸು ಮೊದಲ ರೈಲು ಬರುವ ಹೊತ್ತಿಗೆ ಕೂಸಿನ ತಾಯಿಯಾಗಿರಬಹುದು. ಆದರೂ ರೈಲು ಬಂದಿತು; ಹುಬ್ಬಳ್ಳಿಯ ಆಸ್ಪತ್ರೆಗೂ ಕಾಲೇಜಿಗೂ ದಾರಿ ಹತ್ತಿರವಾಯಿತು. ಬಂದದ್ದನ್ನು ಸಂತೋಷದಿಂದ ಸ್ವೀಕರಿಸುವುದೂ ಧರ್ಮವೇ.

ನಮ್ಮ ಮನೆಗಳ ಪಾಲು

ಈ ಸೀಮೆಯನ್ನು ಸುತ್ತಿದ ಮೇಲೆ ನಮಗೆ ತೋರಿದ ಮಾತು ಒಂದೇ. ರಾಜಕಾರಣವೂ ಎಡದಂಡೆ ಕಾಲುವೆಯಂತೆಯೇ ಇದೆ. ನೀರು ಎಲ್ಲರದೂ ಹೌದು. ಆದರೆ ಮೇಲ್ಭಾಗದವರಿಗೆ ಮೊದಲು, ಕೊನೆಭಾಗದವರಿಗೆ ಕೊನೆಗೆ. ವಿದ್ಯೆ, ಹಣ, ಪರಿಚಯ ಉಳ್ಳವರು ತೂಬಿನ ಬಾಯಿಯಲ್ಲಿದ್ದಾರೆ. ಕೂಲಿಕಾರರು, ಗುತ್ತಿಗೆಯ ರೈತರು, ಗುಳೆ ಹೋಗುವವರು, ಕ್ಯಾಂಪಿನ ನಿರಾಶ್ರಿತರು 104ನೆಯ ಮೈಲಿನಾಚೆ ಇದ್ದಾರೆ.

ನಮ್ಮ ಸಮಾಜದ ಅನೇಕ ಮನೆಗಳು ಇಂದು ದೇವರ ದಯೆಯಿಂದ ಮೇಲ್ಭಾಗದಲ್ಲಿವೆ. ಭೂಮಿಯುಂಟು, ವಿದ್ಯೆಯುಂಟು, ಮಠಗಳ ಶಾಲೆಗಳಲ್ಲಿ ಓದಿ ಅಧಿಕಾರಿಗಳಾದವರುಂಟು. ರಾಜಕಾರಣ ನಮಗೆ ಬೇಡವೆಂದು ನಾವು ಬಾಗಿಲು ಮುಚ್ಚಿ ಕುಳಿತರೆ ಕೆಡುವುದು ನಮ್ಮದಷ್ಟೇ ಅಲ್ಲ, ನಮ್ಮ ಕೆಳಗಿನವರ ಪಾಲೂ ಕೆಡುತ್ತದೆ. ದಾಸೋಹವೆಂದರೆ ಅನ್ನ ಬಡಿಸುವುದೊಂದೇ ಎಂದು ತಿಳಿಯಬೇಕಾಗಿಲ್ಲ. ನೆರೆಮನೆಯ ಹುಡುಗಿಗೆ 371(ಜೆ) ಪ್ರಮಾಣಪತ್ರದ ಅರ್ಜಿ ತುಂಬಿಕೊಡುವುದು ದಾಸೋಹ. ತನ್ನ ಗದ್ದೆ ತುಂಬಿದ ಮೇಲೆ ತೂಬು ಮುಚ್ಚಿ ನೀರನ್ನು ಮುಂದಕ್ಕೆ ಬಿಡುವುದು ದಾಸೋಹ. ಎರಡನೆಯ ಬೆಳೆ ತಪ್ಪಿದ ವರ್ಷ ನಾಟಿಯ ಹೆಣ್ಣುಮಕ್ಕಳಿಗೆ ಬೇರೆ ಕೆಲಸ ಸಿಗುವಂತೆ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳುವುದೂ ದಾಸೋಹವೇ. ಮತ ಕೇಳಲು ಬಂದವರಿಗೆ ಬೆಲ್ಲ ನೀರು ಕೊಟ್ಟು ಕಳುಹಿಸುವಾಗ, ‘ಕೊನೆಭಾಗಕ್ಕೆ ನೀರು ಎಂದು ಬರುತ್ತದೆ?’ ಎಂದು ಒಂದು ಮಾತು ಕೇಳುವುದನ್ನು ನಮ್ಮ ತಾಯಂದಿರು ರೂಢಿಸಿಕೊಂಡರೆ, ಐದು ವರ್ಷಕ್ಕೊಮ್ಮೆ ತೆರೆಯುವ ಕಿವಿ ವರ್ಷವೆಲ್ಲ ತೆರೆದಿರಲು ಕಲಿಯುತ್ತದೆ.

ಅಲ್ಪನಾದವನೂ ಉನ್ನತವಾದುದನ್ನು ಮುಟ್ಟಬಲ್ಲನೆಂದು ಅರಸನೊಬ್ಬನು ಮಸ್ಕಿಯ ಬಂಡೆಯ ಮೇಲೆ ಬರೆಸಿದ್ದಾನೆ. ಆ ದಿಕ್ಕಿಗೆ ಹೋಗುವ ವಾಚಕ ಬಂಧುಗಳು ಮಲ್ಲಯ್ಯನ ದರ್ಶನ ಮಾಡಿಕೊಂಡು, ಆ ಬಂಡೆಯನ್ನೂ ಕಂಡು, ಅನಂತರ ಸಿಂಧನೂರಿನ ಕಾಲುವೆಯ ದಂಡೆಯ ಮೇಲೆ ಸ್ವಲ್ಪ ಹೊತ್ತು ನಿಲ್ಲಲಿ. ಮಕ್ಕಳನ್ನೂ ಜೊತೆಗೆ ಕರೆದೊಯ್ಯಲಿ. ನೀರು ಎಲ್ಲಿಂದ ಬರುತ್ತದೆ, ಯಾರ ತೀರ್ಮಾನದಿಂದ ಬರುತ್ತದೆ, ಎಲ್ಲಿಯವರೆಗೆ ಹೋಗುತ್ತದೆ, ಎಲ್ಲಿ ನಿಂತುಹೋಗುತ್ತದೆ ಎಂಬುದನ್ನು ಅವರಿಗೆ ಹೇಳಿಕೊಡಲಿ.